ಕಂಠದ ಪಾಠಾಂತರ: ಹಾಡುವ ಕವಿಯನ್ನು ಎದುರು ಕುಳಿತು ಕೇಳುವುದು

1

ಚಂದ್ರಶೇಖರ ಕಂಬಾರರ ‘ಹೇಳತೇನ ಕೇಳ’ ಪ್ರಕಟವಾದದ್ದು 1964ರಲ್ಲಿ. ಈ ಶೀರ್ಷಿಕೆಯ ವ್ಯಾಕರಣವನ್ನು ಗಮನಿಸಬೇಕು. ಇದರಲ್ಲಿ ನಾಮಪದವಿಲ್ಲ; ಇರುವುದು ಎರಡು ಕ್ರಿಯಾಪದಗಳು. ಹೇಳುವವನು ಉತ್ತಮ ಪುರುಷದಲ್ಲಿದ್ದಾನೆ, ಕೇಳುವವನು ಮಧ್ಯಮ ಪುರುಷದ ಏಕವಚನದಲ್ಲಿದ್ದಾನೆ. ಮಹಾಸಭೆಯನ್ನುದ್ದೇಶಿಸುವ ಬಹುವಚನ ಇಲ್ಲಿಲ್ಲ. ಎದುರಿಗೆ ಕುಳಿತವನಿಗೆ, ಮುಖಚರ್ಯೆ ಕಾಣುವಷ್ಟು ಹತ್ತಿರದಲ್ಲಿರುವವನಿಗೆ ಹೇಳುವ ಮಾತು ಇದು. ಹೀಗೆ ತನ್ನ ಹೆಸರಿನಲ್ಲಿಯೇ ಒಂದು ಕಂಠವನ್ನೂ ಒಂದು ಕಿವಿಯನ್ನೂ ಅವೆರಡರ ನಡುವಿನ ಪುಟ್ಟ ಜಾಗವನ್ನೂ ಅಪೇಕ್ಷಿಸುವ ಕಾವ್ಯವನ್ನು ಕನ್ನಡದ ತರಗತಿಗಳು ಬಹುಮಟ್ಟಿಗೆ ಮೌನವಾಗಿಯೇ ಓದುತ್ತ ಬಂದಿವೆ. ಅದರ ಜಾನಪದ ಸತ್ವ, ಪುರಾಣಪ್ರಜ್ಞೆ, ಭಾಷೆಯ ಪ್ರಾದೇಶಿಕತೆಗಳ ಬಗ್ಗೆ ಪ್ರಶ್ನೆಪತ್ರಿಕೆಗಳು ಕೇಳುತ್ತವೆ. ಅದು ಹೇಗೆ ಕೇಳಿಸುತ್ತದೆ ಎಂದು ಕೇಳುವುದಿಲ್ಲ.

ಕಂಬಾರರು ತಮ್ಮ ಕವಿತೆಗಳನ್ನು ತಾವೇ ಹಾಡುತ್ತ ಬಂದ ಕವಿ. ಕನ್ನಡದ ಕವಿಗೋಷ್ಠಿಗಳನ್ನು ಬಲ್ಲವರಿಗೆ ಇದು ಹೊಸ ಸಂಗತಿಯಲ್ಲ. ಆದರೆ ಈ ಸಂಗತಿಗೆ ನಮ್ಮ ವಿಮರ್ಶೆಯಲ್ಲಿ ದೊರೆತಿರುವ ಸ್ಥಾನ ಎಂಥದು? ಅದನ್ನು ಕವಿಯ ವ್ಯಕ್ತಿತ್ವದ ಒಂದು ಆಕರ್ಷಣೆ ಎಂದೋ ಸಭೆಯನ್ನು ರಂಜಿಸುವ ಶಕ್ತಿ ಎಂದೋ ಸ್ಮರಿಸಿ ಮುಂದೆ ಸಾಗುವುದು ರೂಢಿ. ಕವಿತೆ ಪುಸ್ತಕದಲ್ಲಿದೆ, ಹಾಡು ಅದರ ಅಲಂಕಾರ ಎಂಬ ನಂಬಿಕೆ ಈ ರೂಢಿಯ ಹಿಂದಿದೆ. ಹಿರಿಯ ಕವಿಯೊಬ್ಬ ಐವತ್ತೋ ಅರವತ್ತೋ ಜನ ಕೂರಬಹುದಾದ ಕೋಣೆಯಲ್ಲಿ ತನ್ನ ಹಾಡನ್ನು ತಾನೇ ಹಾಡಿದಾಗ ಹುಟ್ಟುವುದು ಆ ಕವಿತೆಯ ಒಂದು ಹೊಸ ಪಾಠ. ಅದನ್ನು ಪಾಠವೆಂದೇ ಪರಿಗಣಿಸಿ ಅಧ್ಯಯನ ಮಾಡದಿದ್ದರೆ ಕನ್ನಡ ಸಂಶೋಧನೆ ತನ್ನದೇ ಆಕರವನ್ನು ಕಣ್ಣೆದುರೇ ಕಳೆದುಕೊಳ್ಳುತ್ತದೆ ಎಂಬುದು ಪ್ರಸ್ತುತ ಲೇಖನದ ನಿಲುವು.

2

ಬರೆಯುವವನು ಬೇರೆ, ಹಾಡುವವನು ಬೇರೆ ಎಂಬ ವಿಂಗಡಣೆ ಕನ್ನಡಕ್ಕೆ ಸಹಜವಾದುದಲ್ಲ. ‘ಕವಿರಾಜಮಾರ್ಗ’ವು ಚತ್ತಾಣ, ಬೆದಂಡೆಗಳೆಂಬ ದೇಸಿ ಪ್ರಭೇದಗಳನ್ನು ಹೆಸರಿಸುತ್ತದೆ. ನಾಗವರ್ಮನ ‘ಕಾವ್ಯಾವಲೋಕನ’ವು ಪಾಡು, ಪಾಡುಗಬ್ಬ, ಬಾಜನೆಗಬ್ಬಗಳನ್ನು ಗುರುತಿಸುತ್ತದೆ. ಹಾಡಬೇಕಾದ ಕಬ್ಬವೂ ಕಬ್ಬವೇ ಎಂಬ ತಿಳಿವಳಿಕೆ ಕನ್ನಡದ ಲಾಕ್ಷಣಿಕರಿಗೆ ಇತ್ತೆಂಬುದಕ್ಕೆ ಈ ಪರಿಭಾಷೆಯೇ ಸಾಕ್ಷಿ. ಮುಂದೆ ಕೀರ್ತನಕಾರರಲ್ಲಿ, ತತ್ವಪದಕಾರರಲ್ಲಿ, ಲಾವಣಿಕಾರರಲ್ಲಿ ಕಟ್ಟುವವನೂ ಹಾಡುವವನೂ ಒಬ್ಬನೇ. ಶಿಶುನಾಳದ ಶರೀಫರು (1819–1889) ಬರೆದು ಪ್ರಕಟಿಸಿದ ಕವಿಯಲ್ಲ. ಹಾಡುತ್ತ ಕಟ್ಟಿದ, ಕಟ್ಟುತ್ತ ಹಾಡಿದ ಕವಿ. ಪದದ ಕೊನೆಯಲ್ಲಿ ಬರುವ ಅಂಕಿತವನ್ನು ಇಂದಿನ ಓದುಗ ಕರ್ತೃತ್ವದ ಮುದ್ರೆಯೆಂದು ಭಾವಿಸುತ್ತಾನೆ. ಅಚ್ಚಿನಲ್ಲಿ ಅದು ನಿಜವೂ ಹೌದು. ಆದರೆ ಹಾಡುವವನು ತಾನೇ ಎದುರಿಗಿರುವಾಗ ‘ಇದು ನನ್ನದು’ ಎಂದು ಮುದ್ರೆಯೊತ್ತುವ ಅಗತ್ಯ ಅಷ್ಟಾಗಿ ಇರುವುದಿಲ್ಲ. ಕವಿಯ ಕಂಠವನ್ನು ಬಿಟ್ಟು ಬೇರೊಬ್ಬರ ಕಂಠಕ್ಕೆ ಪದ ದಾಟಿದ ಮೇಲೆಯೇ ಅಂಕಿತಕ್ಕೆ ಪೂರ್ಣ ಅರ್ಥ ಒದಗುತ್ತದೆ. ಆ ದೃಷ್ಟಿಯಿಂದ ಅಂಕಿತವು ಕವಿಯ ಅನುಪಸ್ಥಿತಿಯ ಗುರುತೂ ಹೌದು.

ಮುದ್ರಣ ಸಂಸ್ಕೃತಿ ಈ ಸಂಬಂಧವನ್ನು ಬದಲಿಸಿತು. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದಾಗ ಬೀಸುಕಲ್ಲಿನ ಮುಂದಿದ್ದ ಹಾಡು ಪುಸ್ತಕದೊಳಗೆ ಬಂತು. ಅದು ಆ ಕಾಲದ ಅತ್ಯಗತ್ಯ ಕಾರ್ಯ. ಅದಿಲ್ಲದಿದ್ದರೆ ನವೋದಯದ ಕವಿತೆಗೆ ಅರ್ಧ ಉಸಿರು ಕಡಿಮೆಯಾಗುತ್ತಿತ್ತು. ಆದರೆ ಸಂಗ್ರಹದ ಈ ಸಾಹಸವೇ ಕ್ರಮೇಣ ಒಂದು ಮರೆವಿಗೂ ಕಾರಣವಾಯಿತು. ಪುಸ್ತಕಕ್ಕೆ ಬಂದದ್ದು ಉಳಿಯಿತು, ಬಾರದೆ ಹೋದದ್ದು ಇರಲೇ ಇಲ್ಲ ಎಂಬ ಭಾವ ಬೆಳೆಯಿತು. ಧಾಟಿ, ಎಳೆತ, ನಿಲುಗಡೆ, ಪುನರಾವೃತ್ತಿಗಳು ಹೀಗೆ ಹೊರಗುಳಿದವು.

ಬೇಂದ್ರೆಯವರ ಉದಾಹರಣೆ ಇಲ್ಲಿ ಮುಖ್ಯವಾದುದು. 1896ರಲ್ಲಿ ಹುಟ್ಟಿ 1981ರಲ್ಲಿ ತೀರಿಕೊಂಡ ಈ ಕವಿಯ ಕಾವ್ಯವಾಚನ ಒಂದು ದಂತಕಥೆ. ಅವರ ಕವಿತೆಯ ನಾದವನ್ನು ಕುರಿತು ಬಂದ ವಿಮರ್ಶೆಯ ರಾಶಿ ದೊಡ್ಡದು. ಆದರೆ ಆ ವಿಮರ್ಶೆ ಬಹುಮಟ್ಟಿಗೆ ಪುಟದ ಮೇಲಿನ ಅಕ್ಷರಗಳಿಂದ ಊಹಿಸಿದ ನಾದವನ್ನು ಕುರಿತದ್ದು. ಅವರು ಯಾವ ಪದದ ಮೇಲೆ ನಿಲ್ಲುತ್ತಿದ್ದರು, ಯಾವ ಸಾಲನ್ನು ಮರಳಿ ಹೇಳುತ್ತಿದ್ದರು, ಕೇಳುಗರನ್ನು ನೋಡಿ ಎಲ್ಲಿ ಮಾತು ಬೆರೆಸುತ್ತಿದ್ದರು ಎಂಬುದು ಕೇಳಿದವರ ಸ್ಮೃತಿಚಿತ್ರಗಳಲ್ಲಿ ಅಲ್ಲಲ್ಲಿ ಸಿಗುತ್ತದೆ. ಪಾಠವಿವರಣೆಯ ಭಾಗವಾಗಿ ಸಿಗುವುದಿಲ್ಲ. ಕೇಳಿದವರ ಆ ತಲೆಮಾರು ಇಂದು ಬಹುಪಾಲು ಇಲ್ಲ. ನಾದಲೋಲ ಕವಿಯನ್ನು ಕುರಿತ ನಮ್ಮ ಜ್ಞಾನದಲ್ಲಿ ನಾದವೇ ಕಡಿಮೆಯಾಗಿರುವುದು ಒಂದು ವಿಪರ್ಯಾಸ.

3

ಸುಗಮ ಸಂಗೀತದ ಚಳವಳಿಯು ಕವಿತೆಯನ್ನು ಮರಳಿ ಕಿವಿಗೆ ಒಪ್ಪಿಸಿತು ಎಂಬ ಮಾತಿದೆ, ಅದು ಸತ್ಯವೇ. ಪಿ. ಕಾಳಿಂಗರಾಯರು (1914–1981) ಊರೂರು ಅಲೆದು ಹಾಡಿದರು. ಮೈಸೂರು ಅನಂತಸ್ವಾಮಿಯವರ ಸಂಯೋಜನೆಯಲ್ಲಿ ಕೆ.ಎಸ್. ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’ 1978ರಲ್ಲಿ ಧ್ವನಿಸುರುಳಿಯಾಗಿ ಬಂದು ಕನ್ನಡ ಭಾವಗೀತೆಗಳಿಗೆ ಮನೆಮನೆಯ ಬಾಗಿಲು ತೆರೆಯಿತು. ಸಿ. ಅಶ್ವತ್ಥ್ ಅವರು ಶರೀಫರ ಪದಗಳಿಗೆ ಕೊಟ್ಟ ಧ್ವನಿ ಆ ಪದಗಳನ್ನು ಕನ್ನಡ ಮಧ್ಯಮವರ್ಗದ ಸ್ಮೃತಿಯಲ್ಲಿ ನೆಲೆಗೊಳಿಸಿತು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರು ನಡೆಸಿದ ‘ಕನ್ನಡವೇ ಸತ್ಯ’ ಕಾರ್ಯಕ್ರಮಕ್ಕೆ ಸೇರಿದ ಜನಸ್ತೋಮವು ಆಧುನಿಕ ಕನ್ನಡ ಕವಿತೆಗೆ ಹಿಂದೆಂದೂ ದೊರೆಯದ ಶ್ರೋತೃವರ್ಗವಾಗಿತ್ತು. ಕವಿತೆಯನ್ನು ಪುಸ್ತಕದಂಗಡಿಯಲ್ಲಿ ಕೊಳ್ಳದ ಜನ ಅದನ್ನು ಬಾಯಿಪಾಠವಾಗಿ ಬಲ್ಲರೆಂಬುದು ಸಣ್ಣ ಸಾಧನೆಯಲ್ಲ.

ಆದರೆ ಈ ಚಳವಳಿ ಸಾಧಿಸಿದ ಮರುಮಿಲನ ಒಂದು ವಿಭಜನೆಯನ್ನೂ ಖಚಿತಗೊಳಿಸಿತು. ಕವಿ ಬರೆಯುತ್ತಾನೆ, ಸಂಯೋಜಕ ರಾಗ ಹೊಂದಿಸುತ್ತಾನೆ, ಗಾಯಕ ಹಾಡುತ್ತಾನೆ, ವಾದ್ಯವೃಂದ ಜೊತೆಗೂಡುತ್ತದೆ. ಧ್ವನಿಸುರುಳಿಯ ಹೊದಿಕೆಯ ಮೇಲೆ ಈ ಹೆಸರುಗಳು ಬೇರೆ ಬೇರೆ ಸಾಲುಗಳಲ್ಲಿ ಅಚ್ಚಾಗುತ್ತವೆ. ಅಲ್ಲದೆ ಧ್ವನಿಮುದ್ರಿತ ರೂಪವು ಪುಸ್ತಕದಷ್ಟೇ ಸ್ಥಿರವಾದುದು. ಒಮ್ಮೆ ಮುದ್ರಣಗೊಂಡ ಧಾಟಿಯೇ ಕವಿತೆಯ ಧಾಟಿಯಾಗಿಬಿಡುತ್ತದೆ. ಬೇರೆ ರೀತಿಯಲ್ಲಿ ಹಾಡಿದರೆ ಕೇಳುಗರಿಗೆ ಅದು ತಪ್ಪೆಂದು ತೋರುತ್ತದೆ. ಅಚ್ಚಿನ ಯಜಮಾನಿಕೆಯ ಜಾಗಕ್ಕೆ ಧ್ವನಿಮುದ್ರಣದ ಯಜಮಾನಿಕೆ ಬಂದಿತು ಎನ್ನಬಹುದು.

ಕಂಬಾರರ ‘ಕಾಡು ಕುದುರೆ’ ಹಾಡಿನ ಚರಿತ್ರೆ ಈ ಮಾತನ್ನು ಸ್ಪಷ್ಟಪಡಿಸುತ್ತದೆ. ಎಪ್ಪತ್ತರ ದಶಕದ ಕೊನೆಯಲ್ಲಿ ಅದೇ ಹೆಸರಿನ ಚಲನಚಿತ್ರವನ್ನು ಅವರೇ ನಿರ್ದೇಶಿಸಿದರು, ಸಂಗೀತವನ್ನೂ ಅವರೇ ಒದಗಿಸಿದರು. ಹಾಡಿದ ಶಿವಮೊಗ್ಗ ಸುಬ್ಬಣ್ಣನವರಿಗೆ ಅತ್ಯುತ್ತಮ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ಬಂದಿತು. ಆ ದನಿಯ ಓಟ, ಏರು, ಬೀಸು ಇಂದಿಗೂ ಆ ಹಾಡಿನ ಪರ್ಯಾಯ ಹೆಸರಿನಂತಿವೆ. 2022ರಲ್ಲಿ ಸುಬ್ಬಣ್ಣನವರು ತೀರಿಕೊಂಡಾಗ ಅವರನ್ನು ನೆನೆದವರು ಮೊದಲು ನೆನೆದದ್ದು ಆ ಹಾಡನ್ನೇ. ಹೀಗಿರುವಾಗ ಅದೇ ಹಾಡನ್ನು ಕವಿ ತಾನೇ, ವಾದ್ಯಗಳ ಬೆಂಬಲವಿಲ್ಲದೆ, ಹತ್ತಿರದ ಕೇಳುಗರೆದುರು ಎತ್ತಿಕೊಂಡರೆ ಏನಾಗುತ್ತದೆ? ಚಿತ್ರಗೀತೆಯಲ್ಲಿ ಕುದುರೆ ಓಡುತ್ತದೆ; ಕವಿಯ ಬಾಯಲ್ಲಿ ಕುದುರೆಯ ಕಥೆ ಹೇಳಲ್ಪಡುತ್ತದೆ. ಮೊದಲನೆಯದರಲ್ಲಿ ವೇಗವೇ ಅರ್ಥ. ಎರಡನೆಯದರಲ್ಲಿ ಪ್ರತಿ ಪದದ ತೂಕ ಅರ್ಥ. ಯಾವುದು ಮೇಲು ಎಂಬುದು ಇಲ್ಲಿ ಪ್ರಶ್ನೆಯಲ್ಲ. ಎರಡು ಪಾಠಗಳಿವೆ ಎಂಬುದನ್ನು ಒಪ್ಪುವುದು ಮೊದಲ ಹೆಜ್ಜೆ.

4

ಸಣ್ಣ ಕೋಣೆಯಲ್ಲಿ ಹಿರಿಯ ಕವಿ ಹಾಡುವಾಗ ಕೇಳುಗನಿಗೆ ದಕ್ಕುವುದೇನು ಎಂಬುದನ್ನು ಈಗ ಬಿಡಿಸಿ ನೋಡಬಹುದು.

ಮೊದಲನೆಯದು ಉಸಿರು. ಬೃಹತ್ ವೇದಿಕೆಯಲ್ಲಿ ಧ್ವನಿವರ್ಧಕ ಮತ್ತು ವಾದ್ಯಮೇಳಗಳು ಗಾಯಕನ ಉಸಿರನ್ನು ಮುಚ್ಚುತ್ತವೆ. ಎದುರು ಕುಳಿತು ಕೇಳುವಾಗ ಉಸಿರು ಎಲ್ಲಿ ಮುಗಿಯಿತು, ಎಲ್ಲಿ ತೆಗೆದುಕೊಂಡರು ಎಂಬುದು ಕೇಳಿಸುತ್ತದೆ. ಎಂಬತ್ತು ದಾಟಿದ ಯಾವ ಕವಿಗೂ ಮೂವತ್ತರ ಉಸಿರು ಇರುವುದಿಲ್ಲ. ಹಿಂದೆ ಒಂದೇ ಎಳೆತದಲ್ಲಿ ಮುಗಿಯುತ್ತಿದ್ದ ಸಾಲು ಈಗ ಎರಡಾಗಿ ಒಡೆಯುತ್ತದೆ. ಒಡೆಯುವ ಜಾಗವನ್ನು ಆರಿಸುವವನು ಕವಿ. ಅವನು ಅರ್ಥ ತಿಳಿದೇ ಒಡೆಯುತ್ತಾನೆ. ಹೀಗೆ ದೇಹದ ದೌರ್ಬಲ್ಯ ಹೊಸ ಯತಿಯೊಂದನ್ನು ಸೃಷ್ಟಿಸುತ್ತದೆ. ಛಂದಸ್ಸಿನ ವಿದ್ಯಾರ್ಥಿಗೆ ಇದು ಕ್ಷುಲ್ಲಕ ವಿಷಯವಲ್ಲ.

ಎರಡನೆಯದು ಉಚ್ಚಾರ. ಕಂಬಾರರ ಕಾವ್ಯಭಾಷೆ ಬೆಳಗಾವಿ ಸೀಮೆಯದು. 1937ರಲ್ಲಿ ಅವರು ಹುಟ್ಟಿದ ಘೋಡಗೇರಿಯ ಸುತ್ತಲಿನ ಮಾತು. ಅಲ್ಲಿ ‘ಮನೆ’ ‘ಮನಿ’ಯಾಗುತ್ತದೆ, ‘ಕೇಳು’ ಎಂಬುದು ‘ಕೇಳ’ ಆಗುತ್ತದೆ. ಲಿಪಿ ಇಷ್ಟನ್ನು ತೋರಿಸಬಲ್ಲುದು. ಪದಾಂತ್ಯದ ಆ ಸ್ವರ ಎಷ್ಟು ಹ್ರಸ್ವ, ಒತ್ತು ಎಲ್ಲಿ, ಎರಡು ಪದಗಳ ನಡುವಿನ ಸ್ವರ ಎಲ್ಲಿ ಕರಗುತ್ತದೆ ಎಂಬುದನ್ನು ತೋರಿಸಲಾರದು. ಮೈಸೂರಿನ ಅಥವಾ ಮಂಗಳೂರಿನ ವಿದ್ಯಾರ್ಥಿ ಆ ಪುಟವನ್ನು ತನ್ನ ಭಾಷೆಯ ಲಯದಲ್ಲಿಯೇ ಓದುತ್ತಾನೆ, ಅನೇಕ ಕಡೆ ಛಂದಸ್ಸು ಎಡವಿತೆಂದು ಭಾವಿಸುತ್ತಾನೆ. ಎಡವಿದ್ದು ಓದು. ಕವಿಯ ಬಾಯಿಂದ ಒಮ್ಮೆ ಕೇಳಿದ ಮೇಲೆ ಅವನಿಗೆ ಪುಸ್ತಕವೂ ಸರಿಯಾಗಿ ಕೇಳಿಸತೊಡಗುತ್ತದೆ.

ಮೂರನೆಯದು ಧಾಟಿ ಮತ್ತು ಅರ್ಥಗಳ ಘರ್ಷಣೆ. ಮಾವೋತ್ಸೆತುಂಗನನ್ನು ಕುರಿತ ಅವರ ಪ್ರಸಿದ್ಧ ಹಾಡನ್ನು ನೆನೆಯಬಹುದು. ಕಾಗದದ ಮೇಲೆ ಅದು ರಾಜಕೀಯ ನಾಯಕನನ್ನು ನೆನೆಯುವ ಪದ್ಯ. ಹಾಡಿದಾಗ ಅದರ ಜಾನಪದ ಧಾಟಿಯು ಅಗಲಿದವನಿಗಾಗಿ ಹಳ್ಳಿಯ ಹೆಣ್ಣು ಹಾಡುವ ಹಾಡಿನ ನೆನಪನ್ನು ತರುತ್ತದೆ. ಚೀನಾದ ಕ್ರಾಂತಿಯ ನಾಯಕ ಘಟಪ್ರಭೆಯ ದಂಡೆಯ ವಿರಹದೊಳಗೆ ಬಂದು ನಿಲ್ಲುತ್ತಾನೆ. ಈ ಸೇರುವಿಕೆಯಲ್ಲಿ ಭಕ್ತಿ ಎಷ್ಟು, ತಮಾಷೆ ಎಷ್ಟು, ಒಂದು ತಲೆಮಾರಿನ ಭಗ್ನ ಆದರ್ಶದ ದುಃಖವೆಷ್ಟು ಎಂಬುದನ್ನು ನಿರ್ಧರಿಸುವುದು ಹಾಡುವವನ ದನಿ. ಅದೇ ಪದ್ಯ ಯೌವನದಲ್ಲಿ ಒಂದು ಅರ್ಥ, ಮುಪ್ಪಿನಲ್ಲಿ ಇನ್ನೊಂದು ಅರ್ಥ ಕೊಟ್ಟರೆ ಆಶ್ಚರ್ಯವಿಲ್ಲ; ನಡುವಿನ ದಶಕಗಳಲ್ಲಿ ಜಗತ್ತು ಬದಲಾಗಿದೆ, ಆ ಬದಲಾವಣೆಯನ್ನು ಕವಿ ಹೊಸ ಸಾಲು ಬರೆಯದೆಯೇ ಧ್ವನಿಯಲ್ಲಿ ದಾಖಲಿಸಬಲ್ಲ.

ನಾಲ್ಕನೆಯದು ಕೇಳುಗರ ಪಾಲು. ಗೀಗೀ ಮೇಳದಲ್ಲಿ ಡಪ್ಪು, ತುಂತುಣಿ, ತಾಳಗಳೊಡನೆ ಹಿಮ್ಮೇಳದವರು ಪಲ್ಲವಿಯನ್ನು ಎತ್ತಿಕೊಳ್ಳುತ್ತಾರೆ. ಮುಮ್ಮೇಳದವನಿಗೆ ಆ ಬಿಡುವಿನಲ್ಲಿ ಮುಂದಿನ ನುಡಿ ಹೊಳೆಯುತ್ತದೆ. ಸಣ್ಣ ಕೋಣೆಯಲ್ಲಿ ಕೇಳುಗರೇ ಹಿಮ್ಮೇಳವಾಗುತ್ತಾರೆ. ಕವಿಗೆ ಒಂದು ನುಡಿ ಮರೆತರೆ ಮುಂದಿನ ಸಾಲಿನಲ್ಲಿ ಕುಳಿತ ಯಾರೋ ಅದನ್ನು ಎತ್ತಿಕೊಡುತ್ತಾರೆ. ಕೆಲವೊಮ್ಮೆ ಕವಿ ಎತ್ತಿಕೊಟ್ಟದ್ದನ್ನು ಬಿಟ್ಟು ಬೇರೆ ನುಡಿಗೆ ಹೋಗುತ್ತಾನೆ. ಇದು ಮರೆವೇ, ಆಯ್ಕೆಯೇ? ಸಭಿಕರು ನಕ್ಕು ಚಪ್ಪಾಳೆ ತಟ್ಟುತ್ತಾರೆ. ಸಂಶೋಧಕ ಮಾತ್ರ ಅಲ್ಲಿ ಸಾಲು ಗುರುತು ಹಾಕಿಕೊಳ್ಳಬೇಕು.

5

ಕನ್ನಡದಲ್ಲಿ ಗ್ರಂಥಸಂಪಾದನೆಗೆ ಗಟ್ಟಿಯಾದ ಪರಂಪರೆಯಿದೆ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಓದಿ ಬೆಳೆದ ತಲೆಮಾರುಗಳಿಗೆ ಪಾಠಾಂತರದ ಮಹತ್ವವನ್ನು ಹೇಳಿಕೊಡಬೇಕಾಗಿಲ್ಲ. ಓಲೆಗರಿಯ ಪ್ರತಿಕಾರನೊಬ್ಬ ‘ಲ’ಕಾರದ ಬದಲು ‘ಳ’ಕಾರ ಬರೆದಿದ್ದರೂ ಅದು ಅಡಿಟಿಪ್ಪಣಿಯಲ್ಲಿ ದಾಖಲಾಗುತ್ತದೆ. ಯಾರೋ ಅಜ್ಞಾತ ಲಿಪಿಕಾರನ ಕೈತಪ್ಪಿಗೆ ಸಿಗುವ ಈ ಗೌರವ ಕವಿಯ ಸ್ವಂತ ಕಂಠದಿಂದ ಬಂದ ಬದಲಾವಣೆಗೆ ಸಿಗುವುದಿಲ್ಲ. ಓಲೆಯ ಪಾಠಾಂತರಕ್ಕೆ ಅಡಿಟಿಪ್ಪಣಿ, ಕಂಠದ ಪಾಠಾಂತರಕ್ಕೆ ಚಪ್ಪಾಳೆ ಎಂಬಂತಾಗಿದೆ ನಮ್ಮ ವಿಧಾನ.

ಮೌಖಿಕ ಕಾವ್ಯದ ಅಧ್ಯಯನ ಈ ಸಮಸ್ಯೆಯನ್ನು ಬೇರೊಂದು ಕಡೆಯಿಂದ ಎದುರಿಸಿದೆ. ಮಿಲ್ಮನ್ ಪ್ಯಾರಿ ಮತ್ತು ಆಲ್ಬರ್ಟ್ ಲಾರ್ಡ್ ಯುಗೋಸ್ಲಾವಿಯದ ಹಾಡುಗಾರರನ್ನು ಕುರಿತು ನಡೆಸಿದ ಕ್ಷೇತ್ರಕಾರ್ಯದ ಫಲಿತವಾಗಿ 1960ರಲ್ಲಿ ಬಂದ ಲಾರ್ಡ್‌ನ ‘ದಿ ಸಿಂಗರ್ ಆಫ್ ಟೇಲ್ಸ್’ ಪ್ರದರ್ಶನದ ಹೊತ್ತೇ ರಚನೆಯ ಹೊತ್ತೂ ಹೌದು ಎಂಬುದನ್ನು ತೋರಿಸಿತು. ಕರ್ನಾಟಕದಲ್ಲಿ ಇದಕ್ಕಿಂತ ಹತ್ತಿರದ ನಿದರ್ಶನವಿದೆ. ಫಿನ್ಲೆಂಡಿನ ಲೌರಿ ಹಾಂಕೊ ಅವರು ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪಗೌಡ ಮೊದಲಾದವರೊಡನೆ ತುಳುವಿನ ಸಿರಿ ಮಹಾಕಾವ್ಯವನ್ನು ಗೋಪಾಲ ನಾಯ್ಕರ ಕಂಠದಿಂದ 1990ರಲ್ಲಿ ದಾಖಲಿಸಿ 1998ರಲ್ಲಿ ಪ್ರಕಟಿಸಿದರು. 15,683 ಸಾಲುಗಳ ಆ ಪಠ್ಯದ ಶೀರ್ಷಿಕೆಯಲ್ಲಿಯೇ ಅದು ಗೋಪಾಲ ನಾಯ್ಕರು ಹಾಡಿದಂತೆ ಇರುವ ಸಿರಿ ಎಂಬ ಸೂಚನೆಯಿದೆ. ಹಾಡುಗಾರನ ಮನಸ್ಸಿನಲ್ಲಿ ಒಂದು ಪಠ್ಯವಿರುತ್ತದೆ, ಪ್ರತಿ ಪ್ರದರ್ಶನವೂ ಅದರ ಒಂದು ಸಾಕಾರ ಎಂಬ ಹಾಂಕೊ ಅವರ ಪರಿಕಲ್ಪನೆ ಆ ಕ್ಷೇತ್ರದಲ್ಲಿ ಪ್ರಸಿದ್ಧವಾದುದು.

ಹಾಗಾದರೆ ಅನಕ್ಷರಸ್ಥ ಹಾಡುಗಾರನಿಗೆ ಒಪ್ಪುವ ಈ ತತ್ವ ಅಕ್ಷರಸ್ಥ ಹಾಡುಗವಿಗೆ ಏಕೆ ಒಪ್ಪುವುದಿಲ್ಲ? ಆತ ಪುಸ್ತಕ ಬರೆದಿದ್ದಾನೆ, ಆದ್ದರಿಂದ ಅವನ ಪಠ್ಯ ಪುಸ್ತಕದಲ್ಲಿ ಮುಗಿದಿದೆ ಎಂಬ ಪೂರ್ವಗ್ರಹವೇ ಇದಕ್ಕೆ ಕಾರಣ. ಜಾನಪದ ವಿಭಾಗದಲ್ಲಿ ಪ್ರತಿ ಪ್ರದರ್ಶನವೂ ಪಠ್ಯ, ಪಕ್ಕದ ಸಾಹಿತ್ಯ ವಿಭಾಗದಲ್ಲಿ ಮುದ್ರಿತ ಪ್ರತಿ ಮಾತ್ರ ಪಠ್ಯ ಎಂಬ ಈ ದ್ವಂದ್ವವನ್ನು ಕಂಬಾರರಂಥ ಕವಿ ಒಡೆಯುತ್ತಾರೆ. ಉತ್ತರ ಕರ್ನಾಟಕದ ಜನಪದ ರಂಗಭೂಮಿಯ ಬಗ್ಗೆ ಸಂಶೋಧನೆ ನಡೆಸಿದ, 1985ರಲ್ಲಿ ‘ಕನ್ನಡ ಜಾನಪದ ವಿಶ್ವಕೋಶ’ವನ್ನು ಸಂಪಾದಿಸಿದ, ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾಗಿದ್ದ, 2010ನೇ ಸಾಲಿನ ಜ್ಞಾನಪೀಠ ಪಡೆದ ಕವಿ ಎರಡೂ ವಿಭಾಗಗಳಿಗೆ ಸೇರಿದವರು. ಪುಸ್ತಕ ಅವರ ಹಾಡಿನ ಒಂದು ಪ್ರದರ್ಶನ. ಅಚ್ಚಿನಲ್ಲಿ ನಡೆದ ಪ್ರದರ್ಶನ.

ಈ ಚರ್ಚೆ ಕನ್ನಡಕ್ಕೆ ಸೀಮಿತವಾದುದೂ ಅಲ್ಲ. 2016ರಲ್ಲಿ ಬಾಬ್ ಡಿಲನ್ ಅವರಿಗೆ ನೊಬೆಲ್ ಸಾಹಿತ್ಯ ಪ್ರಶಸ್ತಿ ಘೋಷಣೆಯಾದಾಗ ಹಾಡು ಸಾಹಿತ್ಯವೇ ಎಂಬ ವಾದ ಜಗತ್ತಿನಾದ್ಯಂತ ಎದ್ದಿತು. ಮರುವರ್ಷದ ತಮ್ಮ ಉಪನ್ಯಾಸದಲ್ಲಿ ಡಿಲನ್ ಅವರೇ ಹಾಡುಗಳಿರುವುದು ಹಾಡುವುದಕ್ಕೆ, ಪುಟದ ಮೇಲೆ ಓದುವುದಕ್ಕಲ್ಲ ಎಂಬರ್ಥದ ಮಾತನ್ನಾಡಿದರು. ಪಾಡುಗಬ್ಬಕ್ಕೆ ಶತಮಾನಗಳ ಹಿಂದೆಯೇ ಹೆಸರಿಟ್ಟ ಭಾಷೆಗೆ ಈ ವಾದ ಅಷ್ಟು ಹೊಸದಾಗಿ ತೋರಬೇಕಾಗಿರಲಿಲ್ಲ.

6

ಈ ನಿಲುವಿಗೆ ಮೂರು ಆಕ್ಷೇಪಗಳನ್ನು ನಿರೀಕ್ಷಿಸಬಹುದು.

ಒಂದು, ಇದು ಹಿರಿಯರ ಆರಾಧನೆಯಾಗುವ ಅಪಾಯ. ಮುಪ್ಪಿನ ಧ್ವನಿಯ ನಡುಕದಲ್ಲಿ ಕೇಳುಗರು ತಮ್ಮ ಗತಕಾಲವನ್ನು ಕೇಳಿಕೊಂಡು ಕಣ್ಣೊರೆಸಿಕೊಳ್ಳುತ್ತಾರೆ. ಅಲ್ಲಿ ಕವಿತೆಗಿಂತ ಭಾವುಕತೆ ಹೆಚ್ಚು. ಈ ಆಕ್ಷೇಪದಲ್ಲಿ ಹುರುಳಿದೆ. ಅಪಶ್ರುತಿಯನ್ನೆಲ್ಲ ಅನುಭಾವವೆಂದು ಕರೆಯುವುದು ವಿಮರ್ಶೆಯಲ್ಲ. ಆದ್ದರಿಂದಲೇ ದಾಖಲೆ, ಹೋಲಿಕೆ, ವಿವೇಚನೆಗಳು ಬೇಕು. ಎಲ್ಲಿ ಉಸಿರಿನ ಕೊರತೆ ಸಾಲನ್ನು ಕೆಡಿಸಿತು, ಎಲ್ಲಿ ಅದೇ ಕೊರತೆ ಸಾಲಿಗೆ ಹೊಸ ಅರ್ಥ ಕೊಟ್ಟಿತು ಎಂದು ಬೇರ್ಪಡಿಸಿ ಹೇಳುವುದೇ ಸಂಶೋಧಕನ ಕೆಲಸ. ಆರಾಧಕನಿಗೆ ಎರಡೂ ಒಂದೇ.

ಎರಡು, ಸಣ್ಣ ಕೋಣೆಯ ಸಾಮಾಜಿಕತೆ. ಯಾರ ಕೋಣೆ, ಯಾರಿಗೆ ಆಹ್ವಾನ? ಮೈದಾನಕ್ಕೆ ಯಾರಾದರೂ ಬರಬಹುದು; ಮಹಾನಗರದ ಸುಸಜ್ಜಿತ ಸಭಾಂಗಣಕ್ಕೋ ಶ್ರೀಮಂತರ ಮನೆಯ ಅಂಗಳಕ್ಕೋ ಎಲ್ಲರೂ ಬರಲಾರರು. ಆಪ್ತತೆಯ ಹೆಸರಿನಲ್ಲಿ ಕವಿತೆ ಮತ್ತೆ ಕೆಲವರ ಸೊತ್ತಾಗಬಹುದು. ಇದು ಗಂಭೀರ ಪ್ರಶ್ನೆ. ಆದರೆ ಕನ್ನಡದ ಸಣ್ಣ ಕೋಣೆ ಮೂಲತಃ ಶ್ರೀಮಂತರದಲ್ಲ. ಹುಣ್ಣಿಮೆ ಅಮಾವಾಸ್ಯೆಗಳ ರಾತ್ರಿ ಏಕತಾರಿ, ದಮ್ಮಡಿ ಹಿಡಿದು ತತ್ವಪದ ಹಾಡುವವರು ಕೂಡುವ ಗುಡಿಯ ಪಡಸಾಲೆ, ಮಠದ ಜಗಲಿ, ಯಾರದೋ ಮನೆಯ ಕಟ್ಟೆ ನಮ್ಮ ನಿಜವಾದ ಆಪ್ತರಂಗಗಳು. ಜಾತಿ ಮತಗಳ ಗಡಿಯನ್ನು ಅಲ್ಲಿನ ಗುರುಶಿಷ್ಯ ಸಂಬಂಧಗಳು ಮೀರಿದ್ದುಂಟು. ಶರೀಫರಿಗೆ ಗೋವಿಂದಭಟ್ಟರು ಗುರುವಾದದ್ದು ಅಂಥ ಲೋಕದಲ್ಲಿಯೇ. ಆಪ್ತತೆಯ ಅಳತೆ ಕುರ್ಚಿಗಳ ಸಂಖ್ಯೆಯಲ್ಲಿಲ್ಲ, ಬಾಗಿಲಿನ ಅಗಲದಲ್ಲಿದೆ.

ಮೂರು, ಕವಿಯ ಹಾಡಿಕೆಗೇ ಏಕೆ ವಿಶೇಷ ಮನ್ನಣೆ? ಕೃತಿ ಹೊರಬಂದ ಮೇಲೆ ಕರ್ತೃವಿಗೆ ಅದರ ಅರ್ಥದ ಮೇಲೆ ಅಧಿಕಾರವಿಲ್ಲ ಎಂಬುದು ಆಧುನಿಕೋತ್ತರ ವಿಮರ್ಶೆ ಒಪ್ಪಿಕೊಂಡ ಮಾತು. ಇಲ್ಲಿ ಕೇಳುತ್ತಿರುವುದು ಅಧಿಕಾರವನ್ನಲ್ಲ. ಸುಬ್ಬಣ್ಣನವರ ‘ಕಾಡು ಕುದುರೆ’ ಒಂದು ಓದು, ಕಂಬಾರರದು ಇನ್ನೊಂದು ಓದು. ಆದರೆ ಮೊದಲನೆಯದು ಉಳಿದಿದೆ, ಸಾವಿರ ಪ್ರತಿಗಳಲ್ಲಿ ಉಳಿದಿದೆ. ಎರಡನೆಯದು ಆ ಸಂಜೆ ಅಲ್ಲಿದ್ದವರ ನೆನಪಿನಲ್ಲಿ ಮಾತ್ರ ಇರುತ್ತದೆ. ವಾದ ಸಮಾನತೆಗಾಗಿಯೇ ಹೊರತು ಕವಿಯ ಸಾರ್ವಭೌಮತೆಗಾಗಿ ಅಲ್ಲ.

7

ಕಾಲ ಈ ಪ್ರಶ್ನೆಗೆ ತುರ್ತನ್ನು ತಂದಿದೆ. ನಿಸಾರ್ ಅಹಮದ್ 2020ರಲ್ಲಿ, ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟ ಮತ್ತು ಸಿದ್ಧಲಿಂಗಯ್ಯ 2021ರಲ್ಲಿ, ಎಚ್.ಎಸ್. ವೆಂಕಟೇಶಮೂರ್ತಿ 2025ರಲ್ಲಿ ನಿಧನರಾದರು. ಕನ್ನಡ ಕವಿತೆಯನ್ನು ಹಾಡಿನ ಅಂಚಿಗೆ ಕೊಂಡೊಯ್ದ ಒಂದು ತಲೆಮಾರು ಕೆಲವೇ ವರ್ಷಗಳಲ್ಲಿ ಹೀಗೆ ಕರಗಿದೆ. ಅವರ ಕವಿತೆಗಳು ಸಮಗ್ರ ಸಂಪುಟಗಳಲ್ಲಿ, ಪ್ರಸಿದ್ಧ ಗಾಯಕರ ಧ್ವನಿಯಲ್ಲಿ ಸುರಕ್ಷಿತವಾಗಿವೆ. ತಮ್ಮ ಸಾಲನ್ನು ಅವರೇ ಹೇಗೆ ನುಡಿಯುತ್ತಿದ್ದರು ಎಂಬುದರ ಕ್ರಮಬದ್ಧ ದಾಖಲೆಯನ್ನು ಅವರ ಕವಿತೆಗಳನ್ನು ಪಠ್ಯವಾಗಿಟ್ಟ ವಿಭಾಗಗಳು ಮಾಡಿಕೊಂಡಿವೆಯೇ? ಚದುರಿದ ದೃಶ್ಯತುಣುಕುಗಳು ಅಂತರ್ಜಾಲದಲ್ಲಿವೆ. ಅವುಗಳಲ್ಲಿ ಅನೇಕಕ್ಕೆ ದಿನಾಂಕವಿಲ್ಲ, ಸ್ಥಳವಿಲ್ಲ, ಯಾವ ಮುದ್ರಿತ ಪಾಠಕ್ಕೆ ಅವು ಎಲ್ಲಿ ಭಿನ್ನ ಎಂಬ ಗುರುತಿಲ್ಲ. ಆಕರವಾಗಬೇಕಾದದ್ದು ಹೀಗೆ ಮನರಂಜನೆಯ ತುಣುಕಾಗಿ ಅಲೆಯುತ್ತಿದೆ.

ವಿಶ್ವವಿದ್ಯಾಲಯಗಳು ಮಾಡಬಹುದಾದದ್ದು ದುಬಾರಿಯ ಕೆಲಸವಲ್ಲ. ಪ್ರತಿಯೊಂದು ಕನ್ನಡ ವಿಭಾಗದಲ್ಲಿಯೂ ನಲವತ್ತು ಐವತ್ತು ಜನ ಕೂರುವ ಒಂದು ವಿಚಾರಗೋಷ್ಠಿಯ ಕೋಣೆ ಇದ್ದೇ ಇದೆ. ಹಾಡುವ ಕವಿಯನ್ನು, ಅವನು ಜ್ಞಾನಪೀಠ ಪಡೆದವನಿರಲಿ, ಪುಸ್ತಕವನ್ನೇ ಪ್ರಕಟಿಸದ ತತ್ವಪದಕಾರನಿರಲಿ, ಲಾವಣಿ ಕಟ್ಟುವ ಹೆಣ್ಣುಮಗಳಿರಲಿ, ಆ ಕೋಣೆಗೆ ಕರೆಯಬೇಕು. ಶಾಲು ಹಾರ ಫಲತಾಂಬೂಲಗಳ ಸನ್ಮಾನಕ್ಕಾಗಿ ಕರೆಯುವುದು ಬೇರೆ, ಕೇಳುವುದಕ್ಕಾಗಿ ಕರೆಯುವುದು ಬೇರೆ. ಸ್ವಾಗತ, ಪ್ರಾಸ್ತಾವಿಕ, ಅಧ್ಯಕ್ಷೀಯ ನುಡಿಗಳಿಗೆ ಒಂದೂವರೆ ಗಂಟೆ ಕೊಟ್ಟು ಕವಿಗೆ ಹದಿನೈದು ನಿಮಿಷ ಉಳಿಸುವ ಸಭೆಯಲ್ಲಿ ಪಾಠಾಂತರ ಹುಟ್ಟುವುದಿಲ್ಲ. ಕವಿಗೆ ಬೇಕಾದಷ್ಟು ಹೊತ್ತು ಕೊಡಬೇಕು. ಧ್ವನಿವರ್ಧಕವನ್ನು ಸಾಧ್ಯವಾದರೆ ಬದಿಗಿಡಬೇಕು. ಹಾಡುಗಳ ನಡುವೆ ಆಡುವ ಮಾತನ್ನೂ ದಾಖಲಿಸಬೇಕು, ಏಕೆಂದರೆ ಹಾಡು ಹುಟ್ಟಿದ ಸಂದರ್ಭ, ಧಾಟಿಯನ್ನು ಯಾರಿಂದ ಕಲಿತದ್ದು, ಯಾವ ನುಡಿಯನ್ನು ಏಕೆ ಬಿಟ್ಟದ್ದು ಎಂಬ ವಿವರಗಳು ಬರುವುದು ಆ ಬಿಡುವಿನಲ್ಲಿಯೇ. ವಿದ್ಯಾರ್ಥಿಗಳ ಕೈಯಲ್ಲಿ ಮುದ್ರಿತ ಪಾಠ ಇರಬೇಕು. ಎಲ್ಲಿ ಕಂಠ ಪುಟವನ್ನು ಬಿಟ್ಟು ಸರಿಯಿತೋ ಅಲ್ಲಿ ಅವರು ಗೆರೆ ಎಳೆಯಬೇಕು. ಮರುವರ್ಷ ಅದೇ ಕವಿ ಅದೇ ಹಾಡನ್ನು ಹಾಡಿದರೆ ಎರಡನೆಯ ಗೆರೆ ಬೀಳುತ್ತದೆ. ಹತ್ತು ವರ್ಷಗಳಲ್ಲಿ ಇಂಥ ಪ್ರತಿಗಳು ಒಂದು ಹೊಸ ಬಗೆಯ ಗ್ರಂಥಸಂಪಾದನೆಗೆ ಆಧಾರವಾಗುತ್ತವೆ.

ಇದರಿಂದ ಕಲಿಸುವ ಕ್ರಮವೂ ಬದಲಾಗುತ್ತದೆ. ಕವಿತೆಯ ಲಯವನ್ನು ಪ್ರಸ್ತಾರ ಹಾಕಿ ತೋರಿಸುವ ಅಧ್ಯಾಪಕನಿಗೆ ಅದನ್ನು ಕೇಳಿಸುವ ಹೊಣೆಯೂ ಬರುತ್ತದೆ. ಕೇಳುವುದು ಒಂದು ಸಹಜ ಸಾಮರ್ಥ್ಯವೆಂದು ಭಾವಿಸಿ ಅದನ್ನು ಕಲಿಸುವುದನ್ನೇ ಬಿಟ್ಟಿದ್ದೇವೆ. ಓದುವುದರಂತೆ ಅದೂ ಅಭ್ಯಾಸದಿಂದ ಬರುವ ವಿದ್ಯೆ. ಲಾವಣಿಯ ಸವಾಲು ಜವಾಬುಗಳನ್ನು ಹರದೇಶಿ ನಾಗೇಶಿ ಮೇಳಗಳೆದುರು ಕುಳಿತು ರಾತ್ರಿಯಿಡೀ ಕೇಳುತ್ತಿದ್ದ ಹಳ್ಳಿಯ ಶ್ರೋತೃವಿಗೆ ಯಾವ ನುಡಿ ಹಳೆಯದು, ಯಾವುದು ಈಗ ಹುಟ್ಟಿದ್ದು ಎಂಬುದು ತಕ್ಷಣ ತಿಳಿಯುತ್ತಿತ್ತು. ಪದವಿಯಿಲ್ಲದ ಆ ಪಾಠಪರಿಷ್ಕರಣಜ್ಞಾನ ಪದವಿ ನೀಡುವ ವಿಭಾಗಗಳಲ್ಲಿ ಇಲ್ಲವೆಂಬುದನ್ನು ಒಪ್ಪಿಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ.

‘ಹೇಳತೇನ ಕೇಳ’ ಎಂಬ ಎರಡು ಕ್ರಿಯಾಪದಗಳಲ್ಲಿ ಮೊದಲನೆಯದನ್ನು ಕವಿ ಪೂರೈಸಿಯಾಗಿದೆ. 1964ರಿಂದ ಇಂದಿನವರೆಗೆ ಅದನ್ನು ಕುರಿತು ಬಂದ ಲೇಖನಗಳೂ ಪ್ರಬಂಧಗಳೂ ಆ ಮೊದಲ ಕ್ರಿಯಾಪದದ ವಿವರಣೆಗಳೇ. ಎರಡನೆಯದು ವಿಧ್ಯರ್ಥದಲ್ಲಿದೆ. ಅದು ವಿವರಣೆಯನ್ನು ಕೇಳುತ್ತಿಲ್ಲ, ಪಾಲನೆಯನ್ನು ಕೇಳುತ್ತಿದೆ.